ಸನ್ನದು ಸಿಕ್ಕ ಮೇಲೂ ಪಾಠ

ವಕೀಲನಿಗೂ ವೈದ್ಯನಿಗೂ ತಲೆ ನರೆತಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಮನೆಯಲ್ಲಿ ವ್ಯಾಜ್ಯ ಹುಟ್ಟಿತೆಂದರೆ ಹಿರಿಯರು ಆಡುವ ಮೊದಲ ಮಾತು, ಅನುಭವಸ್ಥರನ್ನು ಹಿಡಿಯಿರಿ ಎಂಬುದೇ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಾಕ್ಷಿಯ ಮುಖ ನೋಡಿ ಸುಳ್ಳನ್ನು ಗುರುತಿಸುವ ಕಣ್ಣು, ನ್ಯಾಯಾಧೀಶರ ಮನೋಧರ್ಮವನ್ನರಿತು ವಾದವನ್ನು ಹಿಗ್ಗಿಸುವ ಇಲ್ಲವೆ ಕುಗ್ಗಿಸುವ ಜಾಣ್ಮೆ, ಇವು ಪುಸ್ತಕದಿಂದ ಬರುವಂಥವಲ್ಲ. ಆದರೆ ಈ ಎರಡು ವೃತ್ತಿಗಳಿಗೂ ಒಂದು ವ್ಯತ್ಯಾಸವುಂಟು. ಮನುಷ್ಯನ ಹೃದಯವು ನೂರು ವರ್ಷಗಳ ಹಿಂದೆ ಎಲ್ಲಿತ್ತೋ ಇಂದಿಗೂ ಅಲ್ಲಿಯೇ ಇದೆ. ಕಾನೂನಿನ ಕಲಮು ಮಾತ್ರ ನಿನ್ನೆ ಇದ್ದಲ್ಲಿಯೇ ಇಂದೂ ಇರಬೇಕೆಂಬ ನಿಯಮವಿಲ್ಲ. ಶಾಸನಸಭೆಯಲ್ಲಿ ಒಂದು ಮಧ್ಯಾಹ್ನ ಸಾಕಷ್ಟು ಕೈಗಳು ಮೇಲೆದ್ದರೆ, ಇಪ್ಪತ್ತು ವರ್ಷ ಬಾಯಿಪಾಠ ಮಾಡಿದ್ದು ಹಳೆಯ ಪಂಚಾಂಗವಾಗಿ ಹೋಗುತ್ತದೆ.

ಹಳೆಯ ಪಂಚಾಂಗ ನೋಡಿ ಲಗ್ನವಿಟ್ಟ ಪುರೋಹಿತರ ತಪ್ಪು ಊರಿಗೆಲ್ಲ ಆ ದಿನವೇ ತಿಳಿಯುತ್ತದೆ. ಹಳೆಯ ಕಾನೂನನ್ನು ನೆಚ್ಚಿ ವಕಾಲತ್ತು ನಡೆಸಿದ ವಕೀಲರ ತಪ್ಪು ಕಕ್ಷಿಗಾರನ ಕಣ್ಣಿಗೆ ಬೀಳುವುದೇ ಅಪೂರ್ವ. ಬೀಳುವ ವೇಳೆಗೆ ಕಾಲ ಮಿಂಚಿರುತ್ತದೆ. ಎಷ್ಟು ಮಿಂಚಿರಬಹುದೆಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಸಾವಿರ ಡಾಲರಿನ ಗೋಡೆ

ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಪರಿಸರದಲ್ಲಿ 1985ರಲ್ಲಿ ಎರಡು ಉಪಾಹಾರಗೃಹಗಳ ದರೋಡೆ ನಡೆದು, ಅವುಗಳ ಇಬ್ಬರು ಮ್ಯಾನೇಜರುಗಳು ಗುಂಡೇಟಿಗೆ ಬಲಿಯಾದರು. ಅಂಥದೇ ಮೂರನೆಯ ದರೋಡೆಯಲ್ಲಿ ಗುಂಡೇಟು ತಿಂದ ಮ್ಯಾನೇಜರು ಬದುಕಿ ಉಳಿದು, ಪೋಲೀಸರು ತೋರಿಸಿದ ಭಾವಚಿತ್ರಗಳಲ್ಲಿ ಆಂತೊನಿ ರೇ ಹಿಂಟನ್ ಎಂಬ 29 ವರ್ಷದ ಕಪ್ಪುವರ್ಣೀಯ ತರುಣನನ್ನು ತೋರಿಸಿದರು. ಆ ರಾತ್ರಿ ಹಿಂಟನ್ ದೂರದ ಗೋದಾಮೊಂದರಲ್ಲಿ ಕೆಲಸಕ್ಕಿದ್ದನೆಂದು ಮೇಲ್ವಿಚಾರಕನೂ ಜೊತೆಗಾರರೂ ಸಾಕ್ಷಿ ನುಡಿದರು. ಆದರೆ ಆತನ ತಾಯಿಯ ಮನೆಯಲ್ಲಿ ಒಂದು ಹಳೆಯ ರಿವಾಲ್ವರು ದೊರಕಿತ್ತು. ಮೂರು ಕಡೆಯೂ ಸಿಕ್ಕ ಒಟ್ಟು ಆರು ಗುಂಡುಗಳು ಅದರಿಂದಲೇ ಹಾರಿದವೆಂದು ಸರ್ಕಾರದ ತಜ್ಞರು ಹೇಳಿದರು. ಎರಡು ಕೊಲೆಗಳಿಗೂ ಆತನಿಗೂ ಗಂಟುಹಾಕುವ ಭೌತಿಕ ಸಾಕ್ಷ್ಯ ಇದೊಂದೇ. ಬೆರಳಚ್ಚು ಇರಲಿಲ್ಲ, ಕೊಲೆಗಳನ್ನು ಕಣ್ಣಾರೆ ಕಂಡವರಿರಲಿಲ್ಲ.

ಹೀಗಾಗಿ ಮೊಕದ್ದಮೆಯ ಪ್ರಾಣವೆಲ್ಲ ಆ ಆರು ಗುಂಡುಗಳಲ್ಲಿತ್ತು. ಅವು ಆ ರಿವಾಲ್ವರಿನವಲ್ಲವೆಂದು ಹೇಳಬಲ್ಲ ಒಬ್ಬ ಸಮರ್ಥ ತಜ್ಞ ಹಿಂಟನ್ನನ ಪಕ್ಷಕ್ಕೆ ಬೇಕಾಗಿದ್ದ. ಆತ ಬಡವ, ವಕೀಲರನ್ನೂ ನ್ಯಾಯಾಲಯವೇ ನೇಮಿಸಿಕೊಟ್ಟಿತ್ತು. ತಜ್ಞರ ಖರ್ಚಿಗೆಂದು ವಕೀಲರು ಅರ್ಜಿ ಸಲ್ಲಿಸಿದರು. ಒಂದೊಂದು ಕೊಲೆಯ ಆಪಾದನೆಗೆ 500ರಂತೆ ಒಟ್ಟು 1,000 ಡಾಲರುಗಳನ್ನು ಮಂಜೂರು ಮಾಡಿದ ನ್ಯಾಯಾಧೀಶರು, ತಮಗೆ ತಿಳಿದ ಮಟ್ಟಿಗೆ ಮಿತಿ ಇಷ್ಟೇ, ಹೆಚ್ಚು ಬೇಕಾದರೆ ಮತ್ತೆ ಕೇಳಬಹುದು ಎಂಬರ್ಥದ ಮಾತನ್ನೂ ಆಡಿದರು. ವಕೀಲರು ಮತ್ತೆ ಕೇಳಲಿಲ್ಲ. ಸಾವಿರವೇ ಗೋಡೆಯೆಂದು ನಂಬಿ, ಆ ಹಣಕ್ಕೆ ಒಪ್ಪಿದ ಒಬ್ಬರೇ ಒಬ್ಬರನ್ನು ಕರೆತಂದರು. ಈತ ಇದಕ್ಕೆ ತಕ್ಕವನಲ್ಲವೆಂಬುದು ವಕೀಲರಿಗೇ ಗೊತ್ತಿತ್ತು. ಪಾಟೀಸವಾಲಿನಲ್ಲಿ ಸರ್ಕಾರಿ ವಕೀಲರು ಆ ತಜ್ಞನನ್ನು, ನಿಮಗೆ ಕಣ್ಣುಗಳೆಷ್ಟು ಎಂದು ಕೇಳಿದರು. ಒಂದೇ ಎಂದು ಉತ್ತರ ಬಂತು. ಅಲ್ಲಿಗೆ ಆತನ ಸಾಕ್ಷ್ಯದ ಕಥೆ ಮುಗಿಯಿತು. 1986ರಲ್ಲಿ ಹಿಂಟನ್ನನಿಗೆ ಮರಣದಂಡನೆಯಾಯಿತು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ 500 ಡಾಲರಿನ ಮಿತಿ ಅಲಬಾಮಾದ ಕಾನೂನಿನಲ್ಲಿ ಹಿಂದೆ ಇದ್ದುದು ನಿಜ. ಆದರೆ 1984ರ ಜೂನ್ ತಿಂಗಳಿನಲ್ಲಿಯೇ ಅದನ್ನು ತೆಗೆದುಹಾಕಿ, ನ್ಯಾಯಾಧೀಶರ ಪೂರ್ವಾನುಮತಿ ಪಡೆದ ಯುಕ್ತವಾದ ಯಾವ ಖರ್ಚನ್ನಾದರೂ ಕೊಡಬಹುದೆಂದು ತಿದ್ದುಪಡಿ ಮಾಡಲಾಗಿತ್ತು. ಹಿಂಟನ್ನನ ಬಂಧನವಾದುದು ಅದಕ್ಕೂ ಒಂದು ವರ್ಷದ ಮೇಲೆ. ಎಂದರೆ, ವಕೀಲರು ಹಣೆ ಬಡಿದುಕೊಂಡ ಗೋಡೆ ಆ ಹೊತ್ತಿಗಾಗಲೇ ಬಿದ್ದುಹೋಗಿತ್ತು! ವಕೀಲರಿಗೆ ಅದು ತಿಳಿಯದು; ನ್ಯಾಯಪೀಠದ ಮೇಲಿದ್ದವರಿಗೂ ಖಚಿತವಾಗಿ ತಿಳಿಯದು. ವರ್ಷದ ಹೊಸ ಶಾಸನಗಳನ್ನು ಓದಿ ಹೇಳುವ ಒಂದು ಗಂಟೆಯ ಪಾಠದಲ್ಲಿ ಇದು ಒಂದು ವಾಕ್ಯದ ಸಂಗತಿ.

2002ರಲ್ಲಿ ಮೂವರು ನುರಿತ ತಜ್ಞರು ಗುಂಡುಗಳನ್ನು ಪರೀಕ್ಷಿಸಿ, ಅವು ಆ ರಿವಾಲ್ವರಿನಿಂದ ಹಾರಿದವೆಂದು ಹೇಳಲು ಆಧಾರವಿಲ್ಲವೆಂದರು. ಅದೇ ವರ್ಷ ಹಿಂಟನ್ನನ ತಾಯಿ ತೀರಿಕೊಂಡಳು. ಬ್ರಯನ್ ಸ್ಟೀವನ್‌ಸನ್ ಎಂಬ ಪ್ರಸಿದ್ಧ ನ್ಯಾಯವಾದಿಗಳು ಹಿಡಿದ ಪಟ್ಟು ಬಿಡದೆ ಹೋರಾಡಿದರೂ ಮೊಕದ್ದಮೆ ವಾಷಿಂಗ್ಟನ್ನಿನ ಸರ್ವೋಚ್ಚ ನ್ಯಾಯಾಲಯದ ತೀರ್ಪು ಕಂಡುದು 2014ರ ಫೆಬ್ರವರಿಯಲ್ಲಿ. ತಜ್ಞನ ಆಯ್ಕೆ ಕೆಟ್ಟದಾಗಿತ್ತೆಂಬುದು ತಪ್ಪಲ್ಲ, ಹಣದ ಮಿತಿಯ ಬಗೆಗೆ ಇದ್ದ ಕಾನೂನನ್ನು ವಕೀಲರು ತಿಳಿಯದೆ ಹೋದುದೂ ತಿಳಿಯಲು ಯತ್ನಿಸದೆ ಹೋದುದೂ ತಪ್ಪು ಎಂದು ಆ ನ್ಯಾಯಾಲಯ ಭಿನ್ನಮತವಿಲ್ಲದೆ ಹೇಳಿತು. ಸರ್ಕಾರದ ತಜ್ಞರೇ ಮತ್ತೆ ಪರೀಕ್ಷಿಸಿದಾಗ ಗುಂಡುಗಳು ಹೊಂದಲಿಲ್ಲ. 2015ರ ಏಪ್ರಿಲ್ 3ರಂದು ಹಿಂಟನ್ ಹೊರಬಂದ. ಒಳಹೋದಾಗ 29, ಹೊರಬಂದಾಗ 58.

ಮತ್ತೆ ತರಗತಿಗೆ

ಸನ್ನದು ಪಡೆದ ವಕೀಲರನ್ನು ಮತ್ತೆ ಪಾಠಕ್ಕೆ ಕೂರಿಸುವ ಯೋಚನೆ ಅಮೆರಿಕದಲ್ಲಿ ಹಳೆಯದು. ನ್ಯೂಯಾರ್ಕಿನಲ್ಲಿ ‘ಪ್ರಾಕ್ಟಿಸಿಂಗ್ ಲಾ ಇನ್‌ಸ್ಟಿಟ್ಯೂಟ್’ ಹುಟ್ಟಿದುದು 1933ರಲ್ಲಿ. ಎರಡನೆಯ ಮಹಾಯುದ್ಧ ಮುಗಿದು ಸಾವಿರಾರು ವಕೀಲರು ಸಮವಸ್ತ್ರ ಕಳಚಿ ಕಛೇರಿಗೆ ಮರಳಿದಾಗ, ತಾವಿಲ್ಲದ ವೇಳೆಯಲ್ಲಿ ತೆರಿಗೆಯ ಕಾನೂನು ಗುರುತು ಸಿಗದಷ್ಟು ಬದಲಾದುದನ್ನು ಕಂಡರು. ಅಂಥವರ ನೆರವಿಗೆಂದು 1947ರಲ್ಲಿ ಅಮೆರಿಕದ ವಕೀಲರ ಸಂಘವೂ ಅಲ್ಲಿನ ಕಾನೂನು ಸಂಸ್ಥೆಯೂ ಕೂಡಿ ದೇಶವ್ಯಾಪಿಯಾದ ಪಾಠಕ್ರಮವನ್ನು ಆರಂಭಿಸಿದುವು. ಆಗ ಬಂದವರು ತಾವಾಗಿ ಬಂದವರು. ಬಾರದವರನ್ನು ಕೇಳುವವರಿರಲಿಲ್ಲ, ಪಾಠ ಅತ್ಯಗತ್ಯವಾಗಿದ್ದುದು ಬಹುಶಃ ಆ ಬಾರದವರಿಗೇ.

1973ರಲ್ಲಿ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಅವರು ವಿಚಾರಣಾ ನ್ಯಾಯಾಲಯಗಳ ವಕೀಲರ ಯೋಗ್ಯತೆಯ ಬಗೆಗೆ ಬಹಿರಂಗವಾಗಿ ಅಸಮಾಧಾನ ತೋರಿದರು. ಅದೇ ಕಾಲಕ್ಕೆ ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದವರ ಪೈಕಿ ವಕೀಲರೇ ಅನೇಕರೆಂಬುದು ವೃತ್ತಿಗೇ ಮುಜುಗರ ತಂದಿತು. 1975ರಲ್ಲಿ ಮಿನೆಸೋಟಾ ಮತ್ತು ಅಯೋವಾ ರಾಜ್ಯಗಳು ಪಾಠವನ್ನು ಕಡ್ಡಾಯ ಮಾಡಿದುವು. ಮಿನೆಸೋಟಾದಲ್ಲಿ ಮೂರು ವರ್ಷಕ್ಕೆ 45 ಗಂಟೆ, ಅಯೋವಾದಲ್ಲಿ ವರ್ಷಕ್ಕೆ 15 ಗಂಟೆ. ಇಂದು ಮೆರಿಲ್ಯಾಂಡ್, ಮಿಷಿಗನ್ ಮೊದಲಾದ ಬೆರಳೆಣಿಕೆಯ ರಾಜ್ಯಗಳನ್ನು ಬಿಟ್ಟರೆ ದೇಶವೆಲ್ಲ ಈ ಕಟ್ಟಿಗೆ ಒಳಪಟ್ಟಿದೆ. ನ್ಯೂಯಾರ್ಕಿನ ಅನುಭವಿ ವಕೀಲರಿಗೆ ಎರಡು ವರ್ಷಕ್ಕೆ 24 ಗಂಟೆ. ಕ್ಯಾಲಿಫೋರ್ನಿಯಾದವರಿಗೆ ಮೂರು ವರ್ಷಕ್ಕೆ 25. ನ್ಯೂಯಾರ್ಕಿನಲ್ಲಿ ಲೆಕ್ಕ ಒಪ್ಪಿಸುವ ಗಡುವು ಹುಟ್ಟಿದ ಹಬ್ಬಕ್ಕೆ ಹೊಂದಿಕೊಂಡು ಬರುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಮನೆತನದ ಹೆಸರಿನ ಮೊದಲಕ್ಷರಕ್ಕೆ. ಹುಟ್ಟುಹಬ್ಬಕ್ಕೆ ಸಿಹಿಯ ಜೊತೆಗೆ ಹಾಜರಿಪಟ್ಟಿಯೂ ಬರುವ ವೃತ್ತಿ ಬೇರೊಂದಿರಲಾರದು.

ಕಡ್ಡಾಯವೆಂದ ಕೂಡಲೆ ತಕರಾರು ಹುಟ್ಟಬೇಕಾದುದು ವಕೀಲರ ಜಾತಿಸ್ವಭಾವವಷ್ಟೆ. ಕ್ಯಾಲಿಫೋರ್ನಿಯಾದ ಒಬ್ಬ ವಕೀಲರು ಪಾಠಕ್ಕೆ ಹೋಗಲೊಲ್ಲೆನೆಂದು ಹಟ ಹಿಡಿದು ನ್ಯಾಯಾಲಯದ ಮೆಟ್ಟಿಲೇರಿದರು. ನಿವೃತ್ತ ನ್ಯಾಯಾಧೀಶರಿಗೆ, ರಾಜ್ಯದ ಚುನಾಯಿತ ಅಧಿಕಾರಿಗಳಿಗೆ, ಕಾನೂನು ಕಾಲೇಜಿನ ಪ್ರಾಧ್ಯಾಪಕರಿಗೆ ವಿನಾಯಿತಿ ಕೊಟ್ಟಿರುವಾಗ ನನಗೇಕೆ ಈ ಶಿಕ್ಷೆ ಎಂಬುದು ಅವರ ವಾದ. 1997ರಲ್ಲಿ ಅಪೀಲು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. 1999ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಪಾಠ ಉಳಿಯಿತು. ಚುನಾಯಿತ ಅಧಿಕಾರಿಗಳಿಗೆ ಕಾನೂನಿನ ಪಾಠ ಬೇಡವೆಂಬ ಭಾಗ ಮಾತ್ರ ನನಗೆ ಇಂದಿಗೂ ಅರ್ಥವಾಗಿಲ್ಲ.

ಪರದೆಯ ಮೇಲಿನ ಗುರು

ಈ ಪಾಠಗಳು ಮೊದಲು ನಡೆಯುತ್ತಿದ್ದುದು ಊರಿನ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ. ಹಳ್ಳಿಯ ವಕೀಲ ಒಂದು ದಿನದ ಕೆಲಸ ಬಿಟ್ಟು, ಮೈಲಿಗಟ್ಟಲೆ ಕಾರು ಓಡಿಸಿ, ರಾತ್ರಿ ಉಳಿಯುವ ಖರ್ಚನ್ನು ಹೊತ್ತು ಬರಬೇಕು. ಈಗ ಅವುಗಳ ಸ್ಥಾನವನ್ನು ಬಹುಮಟ್ಟಿಗೆ ವೆಬಿನಾರು ಆಕ್ರಮಿಸಿದೆ. ಅಂತರ್ಜಾಲದ ಮೂಲಕ ನಡೆಯುವ ಗೋಷ್ಠಿಗೆ ಈ ಹೆಸರು. ಉಪನ್ಯಾಸಕಾರರು ಒಂದೂರಿನಲ್ಲಿ, ಕೇಳುವವರು ನೂರೂರಿನಲ್ಲಿ. ಮುಖ ಪರದೆಯ ಮೇಲೆ, ಪ್ರಶ್ನೆ ಬೆರಳ ತುದಿಯಲ್ಲಿ. ಅನೇಕ ರಾಜ್ಯಗಳು ಹೀಗೆ ಪರದೆಯ ಮುಂದೆ ಕಳೆದ ಗಂಟೆಗಳಿಗೆ ಮಿತಿ ಹಾಕಿದ್ದುವು. 2020ರಲ್ಲಿ ಕೊರೋನಾ ಬಂದು ಸಭಾಂಗಣಗಳೇ ಮುಚ್ಚಿಹೋದಾಗ ಆ ಮಿತಿಗಳನ್ನು ಸಡಿಲಿಸಬೇಕಾಯಿತು.

ಇದರ ನಿಜವಾದ ಉಪಕಾರ ಯಾರಿಗೆಂಬುದನ್ನು ಇನ್ನೊಂದು ಮೊಕದ್ದಮೆ ತೋರಿಸುತ್ತದೆ. ಹೋಂಡುರಾಸಿನಲ್ಲಿ ಹುಟ್ಟಿ, ನಲವತ್ತು ವರ್ಷ ಅಮೆರಿಕದಲ್ಲಿಯೇ ಬಾಳಿ, ಆ ದೇಶದ ಪರವಾಗಿ ವಿಯೆಟ್ನಾಮ್ ಯುದ್ಧದಲ್ಲಿಯೂ ಸೇವೆ ಸಲ್ಲಿಸಿದ ಹೊಸೆ ಪಡಿಯಾ ಎಂಬ ಲಾರಿ ಚಾಲಕನ ವಾಹನದಲ್ಲಿ ಗಾಂಜಾ ಸಿಕ್ಕಿತು. ಇಷ್ಟು ಕಾಲ ಇಲ್ಲಿರುವವನಿಗೆ ಗಡೀಪಾರಿನ ಚಿಂತೆ ಬೇಡವೆಂದು ವಕೀಲರು ಧೈರ್ಯ ಹೇಳಿದ್ದರಿಂದ ಆತ ತಪ್ಪೊಪ್ಪಿಕೊಂಡನಂತೆ. ವಸ್ತುತಃ ಆ ಅಪರಾಧಕ್ಕೆ ಗಡೀಪಾರು ಬಹುಮಟ್ಟಿಗೆ ನಿಶ್ಚಿತವಾಗಿತ್ತು. ತಪ್ಪೊಪ್ಪಿಗೆಯಿಂದ ದೇಶವೇ ಕೈಬಿಡಬಹುದೆಂಬ ಅಪಾಯವನ್ನು ಕಕ್ಷಿಗಾರನಿಗೆ ತಿಳಿಸುವುದು ವಕೀಲನ ಕರ್ತವ್ಯವೆಂದು 2010ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಅಲ್ಲಿಗೆ, ಕಳ್ಳತನ, ಹೊಡೆದಾಟದ ಮೊಕದ್ದಮೆ ನಡೆಸಿಕೊಂಡಿದ್ದ ಸಣ್ಣ ಊರಿನ ವಕೀಲರೆಲ್ಲ ವಲಸೆಯ ಕಾನೂನನ್ನೂ ತಿಳಿಯಬೇಕಾಯಿತು. ಅದೋ ಕಾಡಿಗೆ ಸಮನಾದ ಕಾನೂನು. ಬಲ್ಲವರು ಇರುವುದು ದೊಡ್ಡ ನಗರಗಳಲ್ಲಿ. ಅಂಥ ತಜ್ಞರನ್ನು ಜೋಳದ ಹೊಲಗಳ ನಡುವಿನ ಊರಿನ ಒಬ್ಬಂಟಿ ವಕೀಲನ ಮೇಜಿಗೆ ಒಂದು ಗಂಟೆಯ ಮಟ್ಟಿಗೆ ಕರೆತರಲು ಪರದೆಗಿಂತ ಅಗ್ಗದ ಉಪಾಯ ಬೇರಿಲ್ಲ.

ಇನ್ನು ಇದರ ಇನ್ನೊಂದು ಮುಖ. ತರಗತಿಯಲ್ಲಿ ನಿದ್ದೆ ಹೋಗುವುದು ಎಲ್ಲ ವಿದ್ಯಾರ್ಥಿಗಳಿಗೂ ಸಾಮಾನ್ಯ. ಹೋಟೆಲಿನ ಸಭಾಂಗಣದಲ್ಲಾದರೆ ಪಕ್ಕದವರಿಗಾದರೂ ತಿಳಿಯುತ್ತಿತ್ತು. ಪರದೆಯ ಒಂದು ಮೂಲೆಯಲ್ಲಿ ಉಪನ್ಯಾಸ ಹರಿಯುತ್ತಿರುವಂತೆಯೇ ಇನ್ನೊಂದು ಮೂಲೆಯಲ್ಲಿ ಮನವಿಪತ್ರ ಬರೆಯುತ್ತ ಕೂತ ವಕೀಲನನ್ನು ಯಾರು ಕಾಣಬಲ್ಲರು? ಇದಕ್ಕೆ ವ್ಯವಸ್ಥಾಪಕರು ಮದ್ದು ಹುಡುಕಿದ್ದಾರೆ. ನ್ಯೂಯಾರ್ಕಿನ ಮನ್ನಣೆ ಪಡೆದ ಪಾಠಗಳಲ್ಲಿ ನಡುನಡುವೆ ಒಂದು ಗುರುತಿನ ಪದವನ್ನು ಹೇಳುತ್ತಾರೆ. ಅದನ್ನು ಬರೆದುಕೊಂಡು ಪ್ರಮಾಣಪೂರ್ವಕವಾಗಿ ಒಪ್ಪಿಸಿದರೆ ಮಾತ್ರ ಹಾಜರಿ. ಬೇರೆ ಕೆಲವೆಡೆ ಆಗಾಗ ಒಂದು ಗುಂಡಿ ಪರದೆಯ ಮೇಲೆ ಮೂಡಿ, ಒತ್ತದಿದ್ದರೆ ಗಂಟೆ ಲೆಕ್ಕಕ್ಕೆ ಬಾರದು. ಕಿವಿಗೊಟ್ಟು ಕೇಳುವವನಿಗೆ ಇದು ಅವಮಾನ, ಕೇಳದವನಿಗೆ ಆಟ. ಪದವನ್ನು ಹಿಡಿದವರೆಲ್ಲ ಪಾಠವನ್ನೂ ಹಿಡಿದರೆಂದು ಹೇಳುವಂತಿಲ್ಲ. ಗಂಟೆಯನ್ನು ಅಳೆಯುವುದು ಸುಲಭ, ತಿಳಿವನ್ನು ಅಳೆಯುವುದು ಕಷ್ಟ. ಸುಲಭವಾದುದನ್ನೇ ಅಳೆದು ತೃಪ್ತಿಪಡುವುದು ಎಲ್ಲ ಸರ್ಕಾರಿ ಲೆಕ್ಕಗಳ ಗುಣ.

ಗಡುವಿನ ಕಡೆಯ ವಾರದಲ್ಲಿ, ಜಮೀನಿನ ಕಾನೂನು ನಡೆಸುವಾತ ಕೈಗೆ ಸಿಕ್ಕಿದ ನೌಕಾಯಾನದ ಕಾನೂನಿನ ಪಾಠ ಕೇಳಿ ಗಂಟೆ ತುಂಬಿಸಿದರೂ ತಡೆಯುವವರಿಲ್ಲ. ಆದರೂ ಕೆಲವು ವಿಷಯಗಳನ್ನು ಬಿಡುವಂತಿಲ್ಲ. ವೃತ್ತಿಧರ್ಮದ ಗಂಟೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಕಡ್ಡಾಯ. 2012ರಲ್ಲಿ ಅಮೆರಿಕದ ವಕೀಲರ ಸಂಘವು ತನ್ನ ಮಾದರಿ ನಿಯಮಗಳ ವ್ಯಾಖ್ಯೆಯಲ್ಲಿ, ವೃತ್ತಿಗೆ ಬೇಕಾದ ತಂತ್ರಜ್ಞಾನದ ಪ್ರಯೋಜನವನ್ನೂ ಅಪಾಯವನ್ನೂ ವಕೀಲ ತಿಳಿದಿರಬೇಕೆಂದು ಸೇರಿಸಿತು. ಫ್ಲಾರಿಡಾ 2016ರಲ್ಲಿ ತಂತ್ರಜ್ಞಾನಕ್ಕೆಂದೇ ಮೂರು ಗಂಟೆ ಗೊತ್ತುಮಾಡಿತು. 2023ರ ಜುಲೈಯಿಂದ ನ್ಯೂಯಾರ್ಕಿನಲ್ಲಿ ಗಣಕದ ಭದ್ರತೆ ಮತ್ತು ಗೋಪ್ಯತೆಯ ಪಾಠ ಒಂದು ಗಂಟೆ ಕಡ್ಡಾಯವಾಯಿತು.

ಅದಕ್ಕೆ ಕೆಲವೇ ದಿನಗಳ ಮುಂಚೆ ಅದೇ ನ್ಯೂಯಾರ್ಕಿನಲ್ಲಿ ನಡೆದ ಸಂಗತಿಯನ್ನು ಕೇಳಿ ವಕೀಲ ಸಮುದಾಯ ನಕ್ಕಿತು, ಬಳಿಕ ಬೆವರಿತು. ಮೂವತ್ತು ವರ್ಷಗಳ ಅನುಭವವುಳ್ಳ ವಕೀಲರೊಬ್ಬರು, ವಿಮಾನ ಸಂಸ್ಥೆಯ ವಿರುದ್ಧದ ದಾವೆಯಲ್ಲಿ ಪೂರ್ವತೀರ್ಪುಗಳನ್ನು ಹುಡುಕಿಕೊಡಲು ‘ಚಾಟ್‌ಜಿಪಿಟಿ’ ಎಂಬ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೇಳಿದ್ದರು. ಯಂತ್ರ ಹುಡುಕಲಿಲ್ಲ, ಹುಟ್ಟಿಸಿತು! ಎಂದೂ ನಡೆಯದ ಆರು ಮೊಕದ್ದಮೆಗಳು ಪಕ್ಷಗಾರರ ಹೆಸರಿನ ಸಮೇತ ನ್ಯಾಯಾಲಯದ ಮುಂದೆ ಬಂದುವು. 2023ರ ಜೂನಿನಲ್ಲಿ ನ್ಯಾಯಾಧೀಶರು 5,000 ಡಾಲರು ದಂಡ ಹಾಕಿದರು. ಮತ್ತೆ ಪಾಠಕ್ಕೆ ಹೋಗಿರೆಂದು ಪ್ರತ್ಯೇಕವಾಗಿ ವಿಧಿಸಲಿಲ್ಲ. ಏಕೆಂದರೆ ಆ ವಕೀಲರ ಸಂಸ್ಥೆ ಅಷ್ಟರಲ್ಲಿಯೇ ತನ್ನವರಿಗೆಲ್ಲ ಕೃತಕ ಬುದ್ಧಿಮತ್ತೆಯ ಪಾಠ ಗೊತ್ತುಮಾಡಿತ್ತು.

ಫೋರ್ ಟ್ವೆಂಟಿಯ ಗತಿ

ಇದೆಲ್ಲ ಸಪ್ತಸಾಗರದಾಚೆಯ ಮಾತೆಂದು ನಮ್ಮ ನ್ಯಾಯವಾದಿಗಳು ಇತ್ತೀಚಿನವರೆಗೆ ಕೈತೊಳೆಯಬಹುದಾಗಿತ್ತು. ನಮ್ಮಲ್ಲಿ ಕಾನೂನಿನ ಪದವಿ ಪಡೆದು, ದಾಖಲಾಗಿ, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣನಾದ ಮೇಲೆ ಮುಂದಿನ ನಲವತ್ತು ವರ್ಷ ಓದಿದೆಯಾ ಎಂದು ಕೇಳುವವರಿಲ್ಲ. ಲೆಕ್ಕಪರಿಶೋಧಕರಾದ ಚಾರ್ಟರ್ಡ್ ಅಕೌಂಟೆಂಟರಿಗೆ ಕಲಿಕೆಯ ಗಂಟೆಗಳ ಕಟ್ಟು ಉಂಟು. ವಕೀಲರಿಗೆ ಅಮೆರಿಕದಂಥ ಕಡ್ಡಾಯದ ಲೆಕ್ಕ ದೇಶದಲ್ಲಿ ನೆಲೆಗೊಂಡಿಲ್ಲ. ಓದುವವರು ಓದುತ್ತಿದ್ದರು, ಉಳಿದವರು ದಂಡ ಸಂಹಿತೆಯ ಹಳೆಯ ಪ್ರತಿಯನ್ನೇ ಅಂಗೈಯಂತೆ ಬಲ್ಲೆವೆಂದು ನೆಮ್ಮದಿಯಾಗಿದ್ದರು.

2024ರ ಜುಲೈ 1ರಂದು ಆ ಅಂಗೈಯ ಗೆರೆಗಳೆಲ್ಲ ಒಮ್ಮೆಗೇ ಬದಲಾದುವು. 1860ರ ಭಾರತೀಯ ದಂಡ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮ ಮೂರೂ ತೆರೆಮರೆಗೆ ಸರಿದು, ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದುವು. 511 ಕಲಮುಗಳಿದ್ದ ಕಡೆ 358. ಮೋಸಗಾರನನ್ನು ಫೋರ್ ಟ್ವೆಂಟಿ ಎಂದು ಕರೆಯುವುದು ನಮ್ಮ ಊರೂರಿನ ವಾಡಿಕೆ; ಆ 420 ಈಗ 318 ಆಗಿದೆ. ಅದು ಹೋಗಲಿ, ನಾಮಾಂತರ ಮಾತ್ರ. ತೊಡಕಿರುವುದು ಹಳೆಯ ಸಂಖ್ಯೆಗಳಲ್ಲಿ ಹೊಸ ಒಕ್ಕಲು ಬಂದು ಕುಳಿತಿರುವಲ್ಲಿ. ಕೊಲೆಯ 302 ಈಗ 103. ಹೊಸ ಪುಸ್ತಕದಲ್ಲಿ 302 ತೆರೆದರೆ ಅಲ್ಲಿ ಧಾರ್ಮಿಕ ಭಾವನೆಯನ್ನು ನೋಯಿಸುವ ಮಾತಿನ ಅಪರಾಧವಿದೆ. ಉಚ್ಚ ನ್ಯಾಯಾಲಯದ ಅಂತರ್ಗತ ಅಧಿಕಾರವನ್ನು ಬೇಡಲು ವಕೀಲರು ದಿನಬೆಳಗಾದರೆ ಬರೆಯುತ್ತಿದ್ದ 482 ಇಂದು ನಿರೀಕ್ಷಣಾ ಜಾಮೀನಿನ ಕಲಮು; ನಿರೀಕ್ಷಣಾ ಜಾಮೀನಿನ ಹಳೆಯ ಮನೆ 438. ಕೈ ತನ್ನಷ್ಟಕ್ಕೆ ಬರೆದುಬಿಡುವ ಸಂಖ್ಯೆ ಈಗ ಬೇರೆಯೇ ಪ್ರಾರ್ಥನೆಯಾಗುತ್ತದೆ.

ಸಂಖ್ಯೆಯನ್ನು ಪಟ್ಟಿ ನೋಡಿ ತಿದ್ದಿಕೊಳ್ಳಬಹುದು. ಒಳಗಿನ ಬದಲಾವಣೆಗೆ ಪಟ್ಟಿ ಸಾಲದು. ಮೊಬೈಲಿನ ಚಿತ್ರವನ್ನೋ ಧ್ವನಿಮುದ್ರಿಕೆಯನ್ನೋ ಸಾಕ್ಷ್ಯವಾಗಿ ತರಬೇಕಾದರೆ ಹಿಂದೆ 65ಬಿ ಕಲಮಿನ ಪ್ರಮಾಣಪತ್ರ ಬೇಕಿತ್ತು. ಅದಕ್ಕೆ ಗೊತ್ತಾದ ನಮೂನೆ ಇರಲಿಲ್ಲ. ಈಗ 63ನೆಯ ಕಲಮಿನಡಿ ಅನುಸೂಚಿಯಲ್ಲಿಯೇ ನಮೂನೆಯಿದೆ. ಒಂದು ಭಾಗವನ್ನು ಹಾಜರುಪಡಿಸುವವನು ತುಂಬಬೇಕು, ಇನ್ನೊಂದನ್ನು ತಜ್ಞ ತುಂಬಬೇಕು; ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಎಂಬ ಅಂಕೆಯನ್ನೂ ಬರೆಯಬೇಕು. ಹ್ಯಾಶ್ ಎಂದರೇನೆಂದು ಅರಿಯದ ವಕೀಲರ ಕಕ್ಷಿಗಾರ, ತನ್ನ ನಿರ್ದೋಷಿತ್ವದ ಚಿತ್ರವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಶಿಕ್ಷೆಗೆ ಗುರಿಯಾಗುವುದು ಅಸಂಭವವೇನೂ ಅಲ್ಲ. ಅಲಬಾಮಾದ ಸಾವಿರ ಡಾಲರು ಇಂಥದೇ ಒಂದು ಚಿಕ್ಕ ಸಂಗತಿಯಾಗಿತ್ತು.

ಹೀಗಾಗಿ ಕಾಯಿದೆಗಳು ಪ್ರಕಟವಾದ 2023ರ ಡಿಸೆಂಬರಿನಿಂದಲೇ ನಮ್ಮ ವಕೀಲರೂ ಪರದೆಯ ಮುಂದೆ ಕೂತರು. ಕಡ್ಡಾಯವಿಲ್ಲ, ಗುರುತಿನ ಪದವಿಲ್ಲ, ಹಾಜರಿಯಿಲ್ಲ. ಭಯವೊಂದೇ ಗುರು. ತಾಲ್ಲೂಕಿನಲ್ಲಿರುವ ವಕೀಲರಿಗೆ ಬೆಂಗಳೂರಿನ ಉಪನ್ಯಾಸಕ್ಕೆ ಬಂದುಹೋಗುವುದೆಂದರೆ ಎರಡು ದಿನದ ಮೊಕದ್ದಮೆಗಳನ್ನು ಮುಂದಕ್ಕೆ ಹಾಕಿಸುವ ಕೆಲಸ. ಸಂಜೆ ನ್ಯಾಯಾಲಯ ಮುಗಿದ ಮೇಲೆ ಮನೆಯಲ್ಲಿಯೇ ಕೇಳುವ ಪಾಠಕ್ಕೆ ಆ ತೊಂದರೆಯಿಲ್ಲ. ಆದರೆ ಇಂಥ ಉಪನ್ಯಾಸಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿರುತ್ತವೆ. ಅಧೀನ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ವ್ಯವಹರಿಸುವ ವಕೀಲರಿಗೆ ಕನ್ನಡದಲ್ಲಿಯೇ ಪಾಠ ದೊರೆಯುವಂತೆ ವಕೀಲರ ಸಂಘಗಳು ಮನಸ್ಸು ಮಾಡಬೇಕು.

ಇಂಥ ಗೋಷ್ಠಿಗಳ ನಿಜವಾದ ರುಚಿ ಉಪನ್ಯಾಸದಲ್ಲಿಲ್ಲ, ಕೊನೆಯ ಹದಿನೈದು ನಿಮಿಷಗಳ ಪ್ರಶ್ನೆಗಳಲ್ಲಿದೆ. ಅಪರಾಧ 2024ರ ಜೂನಿನಲ್ಲಿ ನಡೆದಿದ್ದು ದೂರು ಜುಲೈಯಲ್ಲಿ ಬಂದರೆ ಯಾವ ಕಾನೂನು? ಅಪರಾಧ ನಡೆದಾಗ ಯಾವ ದಂಡದ ಕಾನೂನಿತ್ತೋ ಆ ಕಾನೂನಿನ ಶಿಕ್ಷೆ, ತನಿಖೆಯ ಕ್ರಮ ಮಾತ್ರ ಹೊಸದು ಎಂಬುದು ಸಾಮಾನ್ಯ ತತ್ತ್ವ. ಜೂನ್ 30ಕ್ಕೆ ಮುಂಚೆಯೇ ತನಿಖೆಯೋ ವಿಚಾರಣೆಯೋ ನಡೆಯುತ್ತಿದ್ದರೆ ಅದು ಹಳೆಯ ಕ್ರಮದಲ್ಲಿಯೇ ಮುಂದುವರಿಯಬೇಕು. ಹೀಗೆ ಇನ್ನೂ ಬಹುಕಾಲ ವಕೀಲರು ಎರಡೂ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಓಡಾಡಬೇಕಾಗಿದೆ. ಇಷ್ಟು ಉತ್ತರ ಬರುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದುರು ಬಂದು ನಿಲ್ಲುತ್ತದೆ: ಜೂನ್ 30ರ ರಾತ್ರಿ ಹನ್ನೊಂದು ಗಂಟೆಗೆ ಇರಿದದ್ದು, ಇರಿತಕ್ಕೊಳಗಾದವನು ಸತ್ತದ್ದು ಜುಲೈ 2ರ ಬೆಳಗ್ಗೆ; ಆರೋಪಪಟ್ಟಿಯಲ್ಲಿ ಬರೆಯಬೇಕಾದುದು 302ನ್ನೋ, 103ನ್ನೋ?